ಪಾಡ್‌ಕಾಸ್ಟ್: ಮಾರ್ಗರಿಟಾ ನಿಂಬೆ ಪಾನಕ ಅಲ್ಲ! ಮನೆಯಲ್ಲೇ ಟಕೀಲಾ ಕಾಕ್‌ಟೇಲ್, ಮೆಕ್ಸಿಕೋ ಊಟ ಮಾಡೋದು ಹೇಗೆ?

ಮೊದಲೇ ಹೇಳಿಬಿಡ್ತೀನಿ, ಇವತ್ತು ಮದ್ಯದ ಮಾತಿದೆ. ಮದ್ಯಪಾನ ಆರೋಗ್ಯಕ್ಕೆ ಹಾನಿಕರ. ಕುಡಿಯೋ ವಯಸ್ಸು ಆಗದವರು, ಕುಡಿಯದವರು ಸೀದಾ ಊಟದ ಭಾಗಕ್ಕೆ ಹೋಗಿ. ನಿಜ ಹೇಳ್ಬೇಕಂದ್ರೆ ಅದೇ ಹೆಚ್ಚು ರುಚಿಯಾಗಿದೆ.

ಹೋದ ವರ್ಷ ನಮ್ಮ ಮನೇಲಿ ಗೆಳೆಯನೊಬ್ಬನ ಬರ್ತ್‌ಡೇ. ನಾನೇ ಒಂದು ಜಗ್ ಮಾರ್ಗರಿಟಾ ಮಾಡಿದ್ದೆ. ಎಲ್ಲರೂ ಹೇಳೋ ಅಳತೆ: ಎರಡು ಪಾಲು ಟಕೀಲಾ, ಒಂದು ಪಾಲು ಆರೆಂಜ್ ಲಿಕ್ಯೂರ್, ಒಂದು ಪಾಲು ನಿಂಬೆರಸ. ಅವನು ಒಂದು ಗುಟುಕು ಕುಡಿದು, "ಮಗಾ, ಇದು ರಾಮನವಮಿ ಪಾನಕ ಥರ ಇದೆಯಲ್ಲೋ" ಅಂದ. ಒಂದು ಗಂಟೆಯಲ್ಲಿ ಮೂರು ಗ್ಲಾಸ್ ಮುಗೀತು. ಊಟ ಇನ್ನೂ ಒಲೆ ಮೇಲಿತ್ತು. ಆಮೇಲೆ ನೋಡಿದ್ರೆ ಬೈಕ್ ಕೀ ಹಿಡ್ಕೊಂಡು ಮೆಟ್ಟಿಲು ಇಳೀತಿದ್ದಾನೆ. ಕೀ ಕಿತ್ಕೊಂಡಿದ್ದಕ್ಕೆ ಜಗಳ ಆಯ್ತು. ಎರಡು ವಾರ ಮಾತು ಬಿಟ್ಟಿದ್ದ.

ತಪ್ಪು ಅವನದಲ್ಲ, ನನ್ನದು. ಲೆಕ್ಕ ಹಾಕಿ ನೋಡಿ. ಒಂದು ಗ್ಲಾಸ್‌ಗೆ 60 ಎಂ.ಎಲ್ ಟಕೀಲಾ, 30 ಎಂ.ಎಲ್ ಲಿಕ್ಯೂರ್. ನಾನು ತಂದಿದ್ದ ಲಿಕ್ಯೂರ್ ಕೂಡ ಟಕೀಲಾದಷ್ಟೇ ಸ್ಟ್ರಾಂಗ್, 40 ಪರ್ಸೆಂಟ್. ಅಂದ್ರೆ ಗ್ಲಾಸಿಗೆ ಮೂರು ಸ್ಮಾಲ್! ಮೂರು ಗ್ಲಾಸ್‌ಗೆ ಒಂಬತ್ತು. ಒಂದು ಸ್ಮಾಲ್ ಕರಗಿಸೋಕೆ ನಮ್ಮ ಲಿವರ್‌ಗೆ ಒಂದು ಗಂಟೆಗಿಂತ ಹೆಚ್ಚೇ ಬೇಕು. ಐಸ್ ಹಾಕಿದ್ರೆ ನೀರು ಜಾಸ್ತಿ ಆಗುತ್ತೆ, ಆಲ್ಕೋಹಾಲ್ ಕಮ್ಮಿ ಆಗಲ್ಲ. ಇನ್ನು ಕಾನೂನಿನ ಮಿತಿ 100 ಎಂ.ಎಲ್ ರಕ್ತದಲ್ಲಿ 30 ಮಿಲಿಗ್ರಾಂ. ಮೊದಲ ಸಲ ಸಿಕ್ಕಿಬಿದ್ರೆ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಇಲ್ಲಾಂದ್ರೆ ಎರಡೂ. ಹುಳಿ, ಸಿಹಿ, ಉಪ್ಪು ಮೂರೂ ಸೇರಿದ್ರೆ ನಾಲಿಗೆಗೆ ಖಾರದ ಮದ್ಯ ಗೊತ್ತೇ ಆಗಲ್ಲ. ಮಾರ್ಗರಿಟಾದ ಮಜಾನೂ ಅದೇ, ಅಪಾಯಾನೂ ಅದೇ.

ಹಾಗಾಗಿ ಈಗ ನಾನು ಮಾಡೋದು ಬೇರೆ ಥರ. ಲಿಕ್ಯೂರೇ ಇಲ್ಲ. ಇದನ್ನ 'ಟಾಮೀಸ್ ಮಾರ್ಗರಿಟಾ' ಅಂತಾರೆ, ಸ್ಯಾನ್ ಫ್ರಾನ್ಸಿಸ್ಕೋದ ಟಾಮೀಸ್ ಅನ್ನೋ ಮೆಕ್ಸಿಕನ್ ರೆಸ್ಟೋರೆಂಟ್‌ನಲ್ಲಿ ಹುಲಿಯೋ ಬೆರ್ಮೆಹೋ ಶುರು ಮಾಡಿದ್ದು. 45 ಎಂ.ಎಲ್ ಟಕೀಲಾ, 25 ಎಂ.ಎಲ್ ನಿಂಬೆರಸ, 15 ಎಂ.ಎಲ್ ಅಗಾವೆ ಸಿರಪ್. ಸಿರಪ್ ಇಲ್ವಾ? ಜೇನುತುಪ್ಪಕ್ಕೆ ಅಷ್ಟೇ ಬಿಸಿನೀರು ಬೆರೆಸಿ ಹಾಕಿ. ಗ್ಲಾಸಿಗೆ ಒಂದೂವರೆ ಸ್ಮಾಲ್, ಲೆಕ್ಕ ಸಲೀಸು. ಅಳತೆ ಗ್ಲಾಸ್ ಇಲ್ಲಾಂದ್ರೆ ಕೆಮ್ಮಿನ ಸಿರಪ್ ಮೇಲಿರುತ್ತಲ್ಲ ಗೆರೆ ಹಾಕಿರೋ ಮುಚ್ಚಳ, ಅದನ್ನ ತೊಳೆದು ಇಟ್ಕೊಳ್ಳಿ. ಶೇಕರ್ ಬದಲು ಬಿಗಿ ಮುಚ್ಚಳದ ಗಾಜಿನ ಬಾಟಲಿ ಸಾಕು. ಐಸ್ ತುಂಬಿ, ಕೈ ಜುಮ್ ಅನ್ನೋವರೆಗೆ ಹದಿನೈದು ಸೆಕೆಂಡ್ ಕುಲುಕಿ. ಉಪ್ಪು ಗ್ಲಾಸಿನ ಅರ್ಧ ಅಂಚಿಗೆ ಮಾತ್ರ ಹಚ್ಚಿ, ಬೇಕಾದವರು ಆ ಕಡೆಯಿಂದ ಕುಡೀಲಿ.

ನಿಂಬೆ ವಿಷಯದಲ್ಲಿ ನಮಗೆ ಅದೃಷ್ಟ ಇದೆ. ಮೆಕ್ಸಿಕೋದವರು 'ಲಿಮೋನ್' ಅನ್ನೋ ಚಿಕ್ಕ, ತೆಳು ಸಿಪ್ಪೆಯ ಹಣ್ಣೂ ನಮ್ಮ ಸಂತೇಲಿ ಸಿಗೋ ಸಣ್ಣ ನಿಂಬೆಹಣ್ಣೂ ಒಂದೇ ಜಾತಿ. ಸೂಪರ್ ಮಾರ್ಕೆಟ್‌ನ ದಪ್ಪ ಹಳದಿ ಲೆಮನ್‌ಗೆ ದುಡ್ಡು ಹಾಕಬೇಡಿ.

ಬಾಟಲಿ ಕೊಳ್ಳುವಾಗ ಒಂದೇ ಒಂದು ಸಾಲು ಓದಿ: '100 ಪರ್ಸೆಂಟ್ ಅಗಾವೆ' ಅಂತ ಇದೆಯಾ? ಆ ಸಾಲು ಇಲ್ಲಾಂದ್ರೆ ಅದು ಮಿಕ್ಸ್ಟೋ. ಅದರ ಸಕ್ಕರೆಯಲ್ಲಿ ಕನಿಷ್ಠ 51 ಪರ್ಸೆಂಟ್ ಅಗಾವೆಯದ್ದಾಗಿದ್ರೆ ಸಾಕು, ಉಳಿದಿದ್ದು ಕಬ್ಬಿನದ್ದೋ ಇನ್ಯಾವುದೋ ಆಗಿರಬಹುದು. ಟಕೀಲಾ ಅನ್ನೋದು ಮೆಕ್ಸಿಕೋದ ಹಲಿಸ್ಕೋ ರಾಜ್ಯದ ಒಂದು ಊರಿನ ಹೆಸರು. 1974ರಿಂದ ಆ ಹೆಸರಿಗೆ ಕಾನೂನಿನ ರಕ್ಷಣೆ ಇದೆ. ಹಲಿಸ್ಕೋ ಮತ್ತು ಇನ್ನು ನಾಲ್ಕು ರಾಜ್ಯಗಳ ಕೆಲವು ಭಾಗದಲ್ಲಿ, ನೀಲಿ ಅಗಾವೆಯಿಂದ ಮಾಡಿದ್ರೆ ಮಾತ್ರ ಟಕೀಲಾ. ಆ ಗಿಡ ಬಲಿಯೋಕೆ ಆರೇಳು ವರ್ಷ ಬೇಕು. ಎಲೆಗಳನ್ನೆಲ್ಲ ಸವರಿದ ಮೇಲೆ ದೊಡ್ಡ ಅನಾನಸ್ ಥರ ಕಾಣೋ ಗೆಡ್ಡೆ ಉಳಿಯುತ್ತೆ, ಅದನ್ನ ಬೇಯಿಸಿ ಹಿಂಡಿ ರಸ ತೆಗೆದು ಹುಳಿ ಬರಿಸ್ತಾರೆ. ನಮ್ಮ ಹೊಲದ ಬೇಲಿಯ ಕತ್ತಾಳೆ ಅದೇ ಕುಲದ್ದು. ಹಾಗಂತ ಮಚ್ಚು ಹಿಡ್ಕೊಂಡು ಹೊರಡಬೇಡಿ! ಅದರ ರಸ ಮೈಗೆ ತಾಗಿದ್ರೆ ಉರಿ, ತುರಿಕೆ. ಮನೇಲಿ ಬಟ್ಟಿ ಇಳಿಸೋದಂತೂ ಅಪರಾಧ.

ಕಾಕ್‌ಟೇಲ್‌ಗೆ 'ಬ್ಲಾಂಕೋ' ಸಾಕು, ಅಂದ್ರೆ ಪೀಪಾಯಿಯಲ್ಲಿ ಇಡದ ಅಥವಾ ಎರಡು ತಿಂಗಳೊಳಗೆ ತೆಗೆದ ಬಿಳಿ ಟಕೀಲಾ. ವರ್ಷಗಟ್ಟಲೆ ಇಟ್ಟ ದುಬಾರಿ 'ಅನ್ಯೇಹೋ'ಗೆ ನಿಂಬೆ ಹಿಂಡೋದು ನನ್ನ ಪ್ರಕಾರ ದಂಡ.

ಮೆಕ್ಸಿಕೋದಲ್ಲಿ ಜನ ಹೆಚ್ಚು ಇಷ್ಟಪಡೋ ಇನ್ನೊಂದು ಕಾಕ್‌ಟೇಲ್ ಪಲೋಮಾ. ಅದಕ್ಕೆ ಗ್ರೇಪ್‌ಫ್ರೂಟ್ ಸೋಡಾ ಬೇಕು. ಗ್ರೇಪ್‌ಫ್ರೂಟ್ ಹುಟ್ಟಿದ್ದೇ ಚಕ್ಕೋತ ಮತ್ತು ಸಿಹಿ ಕಿತ್ತಳೆಯ ಬೆರಕೆಯಿಂದ. ಹಾಗಾಗಿ ದೇವನಹಳ್ಳಿ ಚಕ್ಕೋತ ಸಿಕ್ಕಿದ್ರೆ ಬಿಡಬೇಡಿ. ಒಳಗಿನ ಬಿಳಿ ಪೊರೆ ಬಿಡಿಸಿ 60 ಎಂ.ಎಲ್ ರಸ ತೆಗೆದು, ಸ್ವಲ್ಪ ನಿಂಬೆ, ಚಿಟಿಕೆ ಉಪ್ಪು, ಒಂದು ಚಮಚ ಸಕ್ಕರೆ ಪಾಕ, 45 ಎಂ.ಎಲ್ ಟಕೀಲಾ ಸೇರಿಸಿ, ಮೇಲೆ ಸೋಡಾ. ಟಕೀಲಾ ಬಿಟ್ಟು ಮಾಡಿದ್ರೂ ಒಳ್ಳೆ ಶರಬತ್ತು. ಒಂದು ಎಚ್ಚರಿಕೆ: ಕೊಲೆಸ್ಟ್ರಾಲ್, ಬಿಪಿಯ ಕೆಲವು ಮಾತ್ರೆಗಳ ಜೊತೆ ಈ ಎರಡೂ ಹಣ್ಣು ಆಗಿಬರಲ್ಲ. ಅಮ್ಮ ಅಪ್ಪಂಗೆ ಕೊಡೋ ಮುಂಚೆ ಡಾಕ್ಟರ್ ಹತ್ರ ಕೇಳಿ.

ಈಗ ಊಟ. ಆ ರಾತ್ರಿ ನನ್ನ ಎರಡನೇ ತಪ್ಪು, ಊಟ ತಡ ಮಾಡಿದ್ದು. ಈಗ ಮೊದಲು ಪ್ಲೇಟ್ ಬರುತ್ತೆ, ಆಮೇಲೆ ಗ್ಲಾಸ್.

ಪ್ಯಾಕೆಟ್ ಮೇಲೆ 'ಟೋರ್ಟಿಲ್ಲಾ' ಅಂತ ಓದ್ತೀವಿ, ಅವರು ಹೇಳೋದು 'ಟೋರ್ಟೀಯಾ'. ಅಂಗಡಿಯ ಮೆಕ್ಕೆಜೋಳದ ಹಿಟ್ಟು ತಂದು ಲಟ್ಟಿಸಿದ್ರೆ ಒಡೆದು ಚೂರಾಗುತ್ತೆ. ಯಾಕೆ ಗೊತ್ತಾ? ಅದಕ್ಕೆ ಸುಣ್ಣ ಬಿದ್ದಿಲ್ಲ! ಹೌದು, ಎಲೆ ಅಡಿಕೆಗೆ ಹಚ್ಚೋ ಸುಣ್ಣಾನೇ. ಮೆಕ್ಸಿಕೋದವರು ಸಾವಿರಾರು ವರ್ಷದಿಂದ ಜೋಳವನ್ನ ಸುಣ್ಣದ ನೀರಲ್ಲಿ ಬೇಯಿಸಿ, ರಾತ್ರಿಯೆಲ್ಲ ನೆನೆಸಿ, ತೊಳೆದು ರುಬ್ಬುತ್ತಾರೆ. ಸಿಪ್ಪೆ ಬಿಡುತ್ತೆ, ಹಿಟ್ಟಿಗೆ ಅಂಟು ಬರುತ್ತೆ, ಆ ಘಮವೇ ಬೇರೆ. ಅಷ್ಟೇ ಅಲ್ಲ, ಜೋಳದೊಳಗೆ ಬಿಗಿಯಾಗಿ ಕೂತಿರೋ ನಯಾಸಿನ್ ಅನ್ನೋ ವಿಟಮಿನ್ ನಮ್ಮ ಮೈಗೆ ಸಿಗೋದು ಆಗಲೇ. ಯುರೋಪಿನವರು ಜೋಳ ತಗೊಂಡ್ರು, ಸುಣ್ಣದ ಗುಟ್ಟು ಬಿಟ್ರು. ಜೋಳವನ್ನೇ ನಂಬಿದ್ದ ಬಡವರು ಪೆಲಾಗ್ರಾ ರೋಗದಿಂದ ಸತ್ರು.

ಅರ್ಧ ಕೆಜಿ ಒಣ ಮೆಕ್ಕೆಜೋಳಕ್ಕೆ ಸುಮಾರು 5 ಗ್ರಾಂ ತಿನ್ನೋ ಸುಣ್ಣ. ಗೋಡೆಗೆ ಬಳಿಯೋದಲ್ಲ! ಸ್ಟೀಲ್ ಪಾತ್ರೆಯೇ ಇರಲಿ, ಅಲ್ಯೂಮಿನಿಯಂ ಆದ್ರೆ ಸುಣ್ಣ ಅದನ್ನ ತಿನ್ನುತ್ತೆ. ಮುಕ್ಕಾಲು ಗಂಟೆ ಸಣ್ಣ ಉರಿಯಲ್ಲಿ ಬೇಯಿಸಿ ಬೆಳಗಿನವರೆಗೆ ಬಿಡಿ. ಚೆನ್ನಾಗಿ ಉಜ್ಜಿ ತೊಳೆದು, ಆದಷ್ಟು ಕಮ್ಮಿ ನೀರಲ್ಲಿ ರುಬ್ಬಿ. ಉಂಡೆ ಮಾಡಿ ಎರಡು ಪ್ಲಾಸ್ಟಿಕ್ ಹಾಳೆ ನಡುವೆ ಇಟ್ಟು ತಟ್ಟೆಯಿಂದ ಒತ್ತಿ, ಕಾದ ಕಾವಲಿ ಮೇಲೆ ಎರಡೂ ಕಡೆ ಬೇಯಿಸಿ. ಮೊದಲ ನಾಲ್ಕು ಹಾಳಾಗುತ್ತೆ, ಬೇಜಾರಾಗಬೇಡಿ. ಪುರುಸೊತ್ತಿಲ್ಲದಿದ್ರೆ ಚಪಾತಿ ಮಾಡಿ. ಉತ್ತರ ಮೆಕ್ಸಿಕೋದಲ್ಲಿ ಗೋಧಿ ಟೋರ್ಟೀಯಾನೇ ಹೆಚ್ಚು.

ಒಳಗೆ ಹಾಕೋಕೆ ರಾಜ್ಮಾ ಬೇಯಿಸಿ, ಈರುಳ್ಳಿ ಬೆಳ್ಳುಳ್ಳಿ ಹುರಿದು ಅದರಲ್ಲೇ ಮಸೆಯಿರಿ. ಸಾಲ್ಸಾಗೆ ಟೊಮ್ಯಾಟೊ, ಹಸಿಮೆಣಸು, ಬೆಳ್ಳುಳ್ಳಿ ಮೂರನ್ನೂ ಕಾವಲಿ ಮೇಲೆ ಕಪ್ಪಾಗೋ ಹಾಗೆ ಸುಟ್ಟು, ಉಪ್ಪು ಹಾಕಿ ಕುಟ್ಟಿ. ಮನೆಯಲ್ಲಿ ಒರಳು ಇದ್ರೆ ಮಿಕ್ಸಿ ಮುಟ್ಟಬೇಡಿ, ಅವರ 'ಮೊಲ್ಕಹೇತೆ'ಯೂ ಕಲ್ಲಿನದ್ದೇ. ಬೆಣ್ಣೆಹಣ್ಣಿಗೆ ನಿಂಬೆ, ಉಪ್ಪು, ಈರುಳ್ಳಿ, ಕೊತ್ತಂಬರಿ ಸೇರಿಸಿ ಕಿವುಚಿದ್ರೆ ಗ್ವಾಕಮೋಲೆ. ಸಕ್ಕರೆ ಹಾಕಿ ಮಿಲ್ಕ್‌ಶೇಕ್ ಕುಡಿದು ಬೆಳೆದ ನಮಗೆ ಮೊದಲ ಸಲ ವಿಚಿತ್ರ ಅನಿಸುತ್ತೆ, ಎರಡನೇ ಸಲ ಬಟ್ಟಲು ಖಾಲಿ. ಮೇಲೆ ಉದುರಿಸೋಕೆ ಪನೀರ್ ಪುಡಿ ಸಾಕು.

ಈ ಸಲದ ಬರ್ತ್‌ಡೇಗೂ ಅವನು ಬಂದಿದ್ದ. ಬಂದ ತಕ್ಷಣ ಬೈಕ್ ಕೀ ತೆಗೆದು ಫ್ರಿಜ್ ಮೇಲಿಟ್ಟ. "ರೊಟ್ಟಿ ಎಲ್ಲೋ?" ಅಂದ.