ಟರ್ಬೊ ಬಿಚ್ಚುವ ಮುಂಚೆ

ಹಳೆಯ ಡೀಸೆಲ್ ಕಾರು ಘಟ್ಟ ಹತ್ತಲು ತಿಣುಕಿದರೆ ಗ್ಯಾರೇಜುಗಳಲ್ಲಿ ಕೇಳಿಬರುವ ಮೊದಲ ಮಾತು ‘ಟರ್ಬೊ ಹೋಗಿದೆ, ಚೇಂಜ್ ಮಾಡ್ಬೇಕು’. ಹೊಸದರ ಬೆಲೆ ಕೇಳಿದವರು ಗಾಡಿಯನ್ನೇ ಮಾರಿ ಕೈತೊಳೆದುಕೊಳ್ಳೋಣ ಅನ್ನುತ್ತಾರೆ. ಐಟಿಐಯಲ್ಲಿ ಡೀಸೆಲ್ ಮೆಕ್ಯಾನಿಕ್ ಹುಡುಗರಿಗೆ ಪಾಠ ಹೇಳಿ ನಿವೃತ್ತನಾದವನು ನಾನು. ತೀರ್ಥಹಳ್ಳಿಯ ನಮ್ಮ ಅಂಗಳದಲ್ಲಿ ಈಗಲೂ ಯಾರದಾದರೂ ಗಾಡಿ ಬಾನೆಟ್ ತೆರೆದುಕೊಂಡು ನಿಂತಿರುತ್ತದೆ. ನಾನು ಕಂಡಂತೆ ಟರ್ಬೊ ತಾನಾಗಿ ಕೆಡುವುದು ಅಪರೂಪ. ಕೊಳೆತ ಎಣ್ಣೆಯೋ, ದೂಳೋ, ಕಟ್ಟಿಕೊಂಡ ಪೈಪೋ ಅದನ್ನು ಕೆಡಿಸಿರುತ್ತದೆ. ಆ ಕಾರಣ ಹುಡುಕದೆ ಹೊಸದನ್ನು ಕೂರಿಸಿದರೆ ಅದೂ ಹಳೆಯದರ ದಾರಿಯನ್ನೇ ಹಿಡಿಯುತ್ತದೆ. ಹುಡುಕುವ ಕೆಲಸಕ್ಕೆ ದೊಡ್ಡ ವರ್ಕ್‌ಶಾಪ್ ಬೇಡ. ಮನೆಯಂಗಳ, ಒಂದು ಸೆಟ್ ಸಾಕೆಟ್, ಟಾರ್ಚು, ತಾಳ್ಮೆ ಇದ್ದರೆ ಆಯಿತು.

ವ್ಯರ್ಥವಾಗುವ ಹೊಗೆಯಿಂದ ಕೆಲಸ

ಡೀಸೆಲ್ ಎಂಜಿನ್ನಿಗೆ ಇಂಧನ ಎಷ್ಟು ಬೇಕಾದರೂ ಸುರಿಯಬಹುದು. ಸುಡಲು ಗಾಳಿ ಸಾಲದಿದ್ದರೆ ಅದು ಕಪ್ಪು ಹೊಗೆಯಾಗಿ ಸೈಲೆನ್ಸರಿನಿಂದ ಹೊರಬೀಳುತ್ತದೆ, ಅಷ್ಟೆ. ಒಲೆಯಲ್ಲಿ ಕಟ್ಟಿಗೆ ಅಷ್ಟೇ ಇದ್ದರೂ ಊದುಗೊಳವೆಯಿಂದ ಊದಿದಾಗ ಉರಿ ಭುಗಿಲೇಳುವುದಿಲ್ಲವೇ? ಟರ್ಬೊ ಮಾಡುವ ಕೆಲಸವೂ ಅದೇ. ಒಂದೇ ಶಾಫ್ಟಿನ ಎರಡು ತುದಿಗೆ ಎರಡು ಚಿಕ್ಕ ಚಕ್ರ. ಎಂಜಿನ್ನಿನಿಂದ ಹೊರಹೋಗುವ ಬಿಸಿ ಹೊಗೆ ಒಂದನ್ನು ತಿರುಗಿಸುತ್ತದೆ. ಇನ್ನೊಂದು ಹೊರಗಿನ ಗಾಳಿಯನ್ನು ಎಳೆದು, ಒತ್ತಿ, ಎಂಜಿನ್ನಿಗೆ ತುಂಬುತ್ತದೆ. ಒತ್ತಿದಾಗ ಕಾಯುವ ಗಾಳಿಯನ್ನು ತಣಿಸಲು ನಡುವೆ ಇಂಟರ್‌ಕೂಲರ್.

ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿ ಈ ವಿಚಾರಕ್ಕೆ ಪೇಟೆಂಟ್ ಪಡೆದದ್ದು 1905ರಲ್ಲಿ. ಮೊದಲು ಹಡಗಿನ ದೊಡ್ಡ ಡೀಸೆಲ್ ಎಂಜಿನ್ನುಗಳಿಗೆ ಬಂತು, ಆಮೇಲೆ ಲಾರಿಗಳಿಗೆ. ಡೀಸೆಲ್ ಕಾರಿಗೆ ಟರ್ಬೊ ಕೂರಿಸಿ ಮಾರುಕಟ್ಟೆಗೆ ತಂದದ್ದು 1978ರಲ್ಲಿ ಮರ್ಸಿಡಿಸ್.

ನಮ್ಮ ಕಡೆ ಹಳೆಯ ಡೀಸೆಲ್ ಕಾರು ಅಂದರೆ ಹೆಚ್ಚಾಗಿ ಫಿಯಟ್ ರೂಪಿಸಿದ 1248 ಸಿಸಿಯ ಮಲ್ಟಿಜೆಟ್ ಎಂಜಿನ್ನಿನದು. 2007ರಲ್ಲಿ ಮಾರುತಿ ಸ್ವಿಫ್ಟ್‌ಗೆ ಬಂತು, ಮರುವರ್ಷ ಡಿಸೈರ್‌ಗೆ. ಟಾಟಾ ಇಂಡಿಕಾ ವಿಸ್ಟಾದಲ್ಲೂ ಅದೇ ಎಂಜಿನ್ ಇತ್ತು. 1998ರ ಮೊದಲ ಇಂಡಿಕಾದ ಡೀಸೆಲ್ ಎಂಜಿನ್ 1405 ಸಿಸಿಯದು, ಟರ್ಬೊ ಇಲ್ಲ, ಶಕ್ತಿ ಸುಮಾರು 54 ಎಚ್‌ಪಿ. ಅದಕ್ಕಿಂತ ಚಿಕ್ಕದಾದ ಸ್ವಿಫ್ಟ್ ಎಂಜಿನ್ 75 ಎಚ್‌ಪಿ ಕೊಟ್ಟಿತು. ಕಾಮನ್ ರೈಲ್ ಇಂಜೆಕ್ಷನ್ ಮತ್ತು ಟರ್ಬೊ ಸೇರಿ ಮಾಡಿದ ವ್ಯತ್ಯಾಸ ಅದು. 2020ರ ಏಪ್ರಿಲ್‌ನಲ್ಲಿ ಬಿಎಸ್–6 ನಿಯಮ ಜಾರಿಯಾದಾಗ ಮಾರುತಿ ಡೀಸೆಲ್ ಕಾರುಗಳನ್ನೇ ನಿಲ್ಲಿಸಿತು. ರಸ್ತೆಗಿಳಿದಿದ್ದ ಗಾಡಿಗಳು ಮಾತ್ರ ಇನ್ನೂ ದುಡಿಯುತ್ತಿವೆ.

ಟರ್ಬೊ ಎಷ್ಟು ಸೂಕ್ಷ್ಮ ಅನ್ನುವುದಕ್ಕೆ ಒಂದು ಲೆಕ್ಕ. ಈ ಗಾತ್ರದ ಟರ್ಬೊ ಶಾಫ್ಟ್ ಜೋರಾಗಿ ದುಡಿಯುವಾಗ ನಿಮಿಷಕ್ಕೆ 2 ಲಕ್ಷ ಸುತ್ತಿನ ಆಸುಪಾಸು ತಿರುಗುತ್ತದೆ, ಅಂದರೆ ಸೆಕೆಂಡಿಗೆ ಮೂರು ಸಾವಿರಕ್ಕೂ ಹೆಚ್ಚು. ಹೊಗೆಯ ಬದಿಯಲ್ಲಿ ಶಾಖ 700 ಡಿಗ್ರಿ ಸೆಲ್ಸಿಯಸ್ ದಾಟಬಹುದು. ಇಷ್ಟಾಗಿಯೂ ಒಳಗೆ ಬಾಲ್ ಬೇರಿಂಗ್ ಇಲ್ಲ. ಶಾಫ್ಟ್ ಬುಷ್‌ಗಳ ಒಳಗೆ, ಎಂಜಿನ್ ಎಣ್ಣೆಯ ತೆಳುವಾದ ಪದರದ ಮೇಲೆ ತೇಲುತ್ತಾ ತಿರುಗುತ್ತದೆ. ಎಣ್ಣೆ ಕೆಲವೇ ಸೆಕೆಂಡು ತಪ್ಪಿದರೂ ಲೋಹಕ್ಕೆ ಲೋಹ ತಾಗುತ್ತದೆ.

ಗೌಡರ ಗಾಡಿ

ಪಕ್ಕದ ತೋಟದ ಗೌಡರು ಸ್ವಿಫ್ಟ್ ತಂದು ನಿಲ್ಲಿಸಿದರು.

‘ಮೇಷ್ಟ್ರೇ, ಟರ್ಬೊ ಹೋಗಿದೆಯಂತೆ. ಆಗುಂಬೆ ಘಾಟೀಲಿ ಸೆಕೆಂಡ್ ಗೇರಲ್ಲೂ ಎಳೀಲಿಲ್ಲ.’

‘ಹೊಗೆ ಯಾವ ಬಣ್ಣ ಬಂತು ಗೌಡ್ರೇ?’

‘ಕಪ್ಪಗೆ. ಹಿಂದೆ ಬಂದ ಬಸ್ಸಿನವ ಬೈದುಕೊಂಡೇ ಓವರ್‌ಟೇಕ್ ಮಾಡಿದ.’

ಅರ್ಧ ಉತ್ತರ ಅಲ್ಲೇ ಸಿಕ್ಕಿತು. ಕಪ್ಪು ಹೊಗೆ ಅಂದರೆ ಡೀಸೆಲ್ ಬರುತ್ತಿದೆ, ಗಾಳಿ ಸಾಲುತ್ತಿಲ್ಲ. ನೀಲಿ ಹೊಗೆ ಅಂದರೆ ಎಣ್ಣೆ ಸುಡುತ್ತಿದೆ. ಸದ್ದೂ ಹೀಗೆಯೇ ಸುಳಿವು ಕೊಡುತ್ತದೆ. ಆಕ್ಸಿಲರೇಟರ್ ಒತ್ತಿದಾಗ ‘ಸುಸ್’ ಎಂದರೆ ಎಲ್ಲೋ ಗಾಳಿ ಸೋರುತ್ತಿದೆ. ಸೈರನ್ನಿನ ಹಾಗೆ ಏರುತ್ತಾ ಹೋಗುವ ಕೂಗು ಬಂದರೆ ಟರ್ಬೊ ಒಳಗಿನ ಚಕ್ರಗಳ ಮೇಲೆ ಅನುಮಾನ ಪಡಬೇಕು.

ಗೌಡರ ಗಾಡಿಯಲ್ಲಿ ಮೊದಲು ಏರ್ ಫಿಲ್ಟರ್ ತೆಗೆದೆ. ತೋಟದ ಮಣ್ಣುದಾರಿಯ ಕೆಂಪು ದೂಳು ತುಂಬಿತ್ತು, ಆದರೂ ಅಷ್ಟೊಂದು ಶಕ್ತಿ ನುಂಗುವಷ್ಟಲ್ಲ. ಆಮೇಲೆ ಟರ್ಬೊದಿಂದ ಇಂಟರ್‌ಕೂಲರಿಗೆ, ಅಲ್ಲಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಹೋಸ್‌ಗಳನ್ನು ಟಾರ್ಚು ಹಿಡಿದು ಅಡಿಭಾಗದವರೆಗೂ ತಡವಿದೆ. ಒಂದು ಹೋಸ್ ಕ್ಲಾಂಪಿನ ಪಕ್ಕದಲ್ಲೇ ಸೀಳಿತ್ತು. ಗಾಡಿ ನಿಂತಲ್ಲೇ ಸ್ಟಾರ್ಟ್ ಆಗಿದ್ದರೆ ಈ ಸೀಳು ಮುಚ್ಚಿಕೊಂಡಿರುತ್ತದೆ, ಏರು ಹತ್ತುವಾಗ ಒತ್ತಡಕ್ಕೆ ಬಾಯಿ ಬಿಡುತ್ತದೆ. ಸುತ್ತ ಮೆತ್ತಿಕೊಂಡ ಎಣ್ಣೆಮಸಿ ಅದರ ಗುರುತು. ಹೋಸೂ ಕ್ಲಾಂಪೂ ಹೊಸದು ಹಾಕಿದ ಮೇಲೆ ಗಾಡಿ ಎಂದಿನಂತೆ ಎಳೆಯತೊಡಗಿತು. ಗೌಡರು ಮಾತ್ರ ಘಾಟಿ ಹತ್ತಿಸಿ ಬಂದ ಮೇಲೇ ನಂಬಿದ್ದು.

ಇನ್ನೂ ಮೂರು ಸಂಗತಿಗಳು ಟರ್ಬೊ ಮೇಲೆ ಸುಳ್ಳು ಅಪವಾದ ತರುತ್ತವೆ. ಮೊದಲನೆಯದು ವೇಸ್ಟ್‌ಗೇಟ್. ಗಾಳಿಯ ಒತ್ತಡ ಮಿತಿ ಮೀರಿದರೆ ಹೊಗೆಯನ್ನು ಟರ್ಬೊ ಚಕ್ರದ ಆಚೆಯಿಂದ ದಾಟಿಸುವ ಬಾಗಿಲು ಅದು. ಅದನ್ನು ಎಳೆಯುವ ಆಕ್ಚುಯೇಟರಿನ ಕಡ್ಡಿ ತುಕ್ಕು ಹಿಡಿದು ಬಾಗಿಲು ತೆರೆದೇ ನಿಂತರೆ ಗಾಳಿ ಒತ್ತುವುದೇ ಇಲ್ಲ. ಗೇಜ್ ಇರುವ ಕೈಪಂಪಿನಿಂದ ಒತ್ತಡ ಕೊಟ್ಟಾಗ ಕಡ್ಡಿ ಸರಾಗವಾಗಿ ಸರಿದು, ಹಾಗೆಯೇ ನಿಲ್ಲಬೇಕು. ಒತ್ತಡ ಇಳಿದುಹೋದರೆ ಒಳಗಿನ ರಬ್ಬರ್ ಹರಿದಿದೆ. ಎರಡನೆಯದು ಆಕ್ಚುಯೇಟರಿಗೂ ಸೆನ್ಸರಿಗೂ ಹೋಗುವ ಸಣ್ಣ ಹೋಸ್‌ಗಳಲ್ಲಿ ಬಿರುಕು. ಮೂರನೆಯದು ಎಣ್ಣೆ ಪಸೆ. ಎಂಜಿನ್ನಿನ ಬ್ರೀದರ್ ಪೈಪು ಟರ್ಬೊದ ಬಾಯಿಯ ಬಳಿಯೇ ಬಂದು ಸೇರುವುದರಿಂದ ಹೋಸ್ ಒಳಗೆ ತುಸು ಎಣ್ಣೆ ಇರುವುದು ಸಹಜ. ಅದನ್ನು ಬೆರಳಿಗೆ ಸವರಿ ತೋರಿಸಿ ‘ನೋಡಿ, ಟರ್ಬೊ ಲೀಕ್’ ಅಂದರೆ ಒಪ್ಪಬೇಡಿ. ಎಂಜಿನ್ ಓಡುವಾಗ ಎಣ್ಣೆ ಹಾಕುವ ಮುಚ್ಚಳ ಸಡಿಲಿಸಿ ನೋಡಿ. ಹೊಗೆ ಭುಸುಗುಟ್ಟುತ್ತಾ ಮೇಲೆ ಬಂದರೆ ತೊಂದರೆ ಪಿಸ್ಟನ್ ರಿಂಗಿನಲ್ಲಿದೆ. ಆ ಎಂಜಿನ್ ಬೋರಿಗೆ ಬಂದಿದೆ ಅಂತಲೇ ಲೆಕ್ಕ, ಟರ್ಬೊ ಬದಲಿಸಿ ಫಲವಿಲ್ಲ.

ನಿಜವಾಗಿಯೂ ಕೆಟ್ಟಿದ್ದರೆ

ತಂಗಿಯ ಮಗ ಶಿವಮೊಗ್ಗದಿಂದ ತಂದ ಸೆಕೆಂಡ್‌ಹ್ಯಾಂಡ್ ಡಿಸೈರ್‌ನ ಕತೆ ಬೇರೆ. ನೀಲಿ ಹೊಗೆ, ಸೈರನ್ ಕೂಗು, ಡಿಪ್‌ಸ್ಟಿಕ್‌ನಲ್ಲಿ ಇಳಿಯುತ್ತಲೇ ಹೋಗುವ ಎಣ್ಣೆ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಗಾಳಿಯ ಬದಿಯ ಹೋಸ್ ಕಳಚಿ ಚಕ್ರದ ನಟ್ಟನ್ನು ಎರಡು ಬೆರಳಲ್ಲಿ ಹಿಡಿದು ನೋಡಿದೆ. ಅಡ್ಡಡ್ಡ ಅಲ್ಲಾಡಿಸಿದಾಗ ತುಸು ಆಟ ಇರಲೇಬೇಕು. ಎಣ್ಣೆಯ ಪದರ ಕೂರುವ ಜಾಗ ಅದು. ಇದನ್ನು ತಿಳಿಯದೆ ಒಳ್ಳೆಯ ಟರ್ಬೊಗಳನ್ನು ಗುಜರಿಗೆ ಹಾಕಿದ್ದನ್ನು ಕಂಡಿದ್ದೇನೆ. ಆದರೆ ಹಿಂದೆ ಮುಂದೆ ಎಳೆದಾಗ ಬೆರಳಿಗೆ ಆಟ ಸಿಗಬಾರದು. ಚಕ್ರದ ಅಲಗು ಎಲ್ಲೂ ಗೋಡೆಗೆ ತಾಗಬಾರದು. ಈ ಗಾಡಿಯಲ್ಲಿ ಎರಡೂ ಆಗಿತ್ತು, ಅಲಗಿನ ಅಂಚು ಸವೆದು ಹೊಳೆಯುತ್ತಿತ್ತು.

‘ಮಾವ, ಹೊಸದೇ ತರ್ಲಾ?’ ಅಂದ ಹುಡುಗ. ‘ಮೊದಲು ಇದನ್ನ ಕೆಡಿಸಿದ್ದು ಯಾವುದು ನೋಡೋಣ’ ಅಂದೆ.

ಬಿಚ್ಚುವ ಹಿಂದಿನ ಸಂಜೆಯೇ ಮ್ಯಾನಿಫೋಲ್ಡಿನ ನಟ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಟ್ಟೆವು. ಶಾಖಕ್ಕೆ ಬೆಂದ ಆ ಸ್ಟಡ್‌ಗಳು ಅವಸರ ಮಾಡಿದರೆ ಮುರಿಯುತ್ತವೆ. ಮುರಿದರೆ ಲೇತ್ ಅಂಗಡಿಗೆ ಅಲೆಯಬೇಕು. ಬೆಳಿಗ್ಗೆ ಬ್ಯಾಟರಿಯ ನೆಗೆಟಿವ್ ಕಳಚಿ, ಜಾಕ್ ಒಂದನ್ನೇ ನಂಬದೆ ಸ್ಟ್ಯಾಂಡ್ ಕೊಟ್ಟು, ಚಕ್ರಕ್ಕೆ ಕಲ್ಲಿಟ್ಟು, ಹಳೆಯ ಎಣ್ಣೆ ಇಳಿಸಿದೆವು. ಪ್ರತಿ ಭಾಗ ಬಿಚ್ಚುವ ಮುಂಚೆ ಮೊಬೈಲಿನಲ್ಲಿ ಒಂದು ಫೋಟೊ. ಶಾಖ ತಡೆಯುವ ತಗಡು, ಹೋಸ್‌ಗಳು, ಮೇಲಿನಿಂದ ಎಣ್ಣೆ ತರುವ ತೆಳು ಪೈಪು, ಕೆಳಗೆ ಎಣ್ಣೆ ಇಳಿಸುವ ದಪ್ಪ ಪೈಪು, ಸೈಲೆನ್ಸರಿನ ಫ್ಲೇಂಜ್, ಕೊನೆಗೆ ಮ್ಯಾನಿಫೋಲ್ಡ್ ನಟ್ಟುಗಳು. ತೆರೆದ ಬಾಯಿಗಳಿಗೆಲ್ಲ ಆಗಿಂದಾಗಲೇ ಶುದ್ಧ ಬಟ್ಟೆ. ಒಳಗೆ ಬಿದ್ದ ಒಂದು ವಾಷರ್ ಸಾಕು, ಹೊಸ ಚಕ್ರವನ್ನು ಪುಡಿ ಮಾಡುತ್ತದೆ. ಕಾಮನ್ ರೈಲಿನ ಸ್ಟೀಲ್ ಪೈಪುಗಳ ಗೊಡವೆಗೆ ಹೋಗಬಾರದು. ಎಂಜಿನ್ ಓಡುವಾಗ ಅವುಗಳಲ್ಲಿ ಸಾವಿರ ಬಾರ್ ಮೀರಿದ ಒತ್ತಡ ಇರುತ್ತದೆ, ಅದರ ಸಣ್ಣ ಸೋರಿಕೆ ಚರ್ಮವನ್ನೇ ತೂರುತ್ತದೆ.

ಕಾರಣ ಸಿಕ್ಕಿದ್ದು ಆ ತೆಳು ಪೈಪಿನಲ್ಲಿ. ತಂತಿ ತೂರಿಸಿದರೆ ಅರ್ಧಕ್ಕೇ ನಿಂತಿತು, ಒಳಗೆ ಎಣ್ಣೆ ಸುಟ್ಟು ಕಲ್ಲಾಗಿತ್ತು. ಜೋರಾಗಿ ಓಡಿಸಿಕೊಂಡು ಬಂದು ತಕ್ಷಣ ಆಫ್ ಮಾಡಿದರೆ ಎಣ್ಣೆಯ ಹರಿವು ನಿಲ್ಲುತ್ತದೆ, ಟರ್ಬೊದ ಶಾಖ ನಿಲ್ಲುವುದಿಲ್ಲ. ನಿಂತ ಎಣ್ಣೆ ಅಲ್ಲೇ ಬೆಂದು ಮಸಿಗಟ್ಟುತ್ತದೆ. ಎಣ್ಣೆಯನ್ನು ಹೊತ್ತಿಗೆ ಬದಲಿಸದಿದ್ದರೆ ಮಸಿ ಇನ್ನೂ ಬೇಗ ಕಟ್ಟುತ್ತದೆ. ಹಿಂದಿನ ಮಾಲೀಕ ಎಷ್ಟು ಕಾಲ ಬದಲಿಸಿರಲಿಲ್ಲವೋ, ಎಂಜಿನ್ ಅಡಿಯ ಎಣ್ಣೆ ಚೇಂಬರಿನ ತಳದಲ್ಲೂ ಗಟ್ಟಿ ಕೆಸರು ಇತ್ತು. ಹಾಗಾಗಿ ಚೇಂಬರ್ ಇಳಿಸಿ ಎಣ್ಣೆ ಹೀರುವ ಜಾಲರಿಯನ್ನೂ ತೊಳೆದೆವು. ತೆಳು ಪೈಪನ್ನು ತೊಳೆಯುವ ಗೋಜಿಗೆ ಹೋಗದೆ ಹೊಸದನ್ನೇ ತರಿಸಿದೆವು. ಕೆಳಗಿನ ದಪ್ಪ ಪೈಪನ್ನೂ ನೋಡಬೇಕು. ಅಲ್ಲಿ ಎಣ್ಣೆ ತನ್ನ ಭಾರಕ್ಕೇ ಇಳಿಯುವುದರಿಂದ, ಅದು ಕಟ್ಟಿಕೊಂಡರೆ ಚೆನ್ನಾಗಿರುವ ಟರ್ಬೊದಿಂದಲೂ ಎಣ್ಣೆ ಉಕ್ಕುತ್ತದೆ.

ಮನೆಗೆಲಸ ಎಲ್ಲಿಗೆ ನಿಲ್ಲಬೇಕು

ಟರ್ಬೊದ ನಡುಭಾಗಕ್ಕೆ ಅಂಗಡಿಯವರು ಕೋರ್ ಅನ್ನುತ್ತಾರೆ. ಶಾಫ್ಟು, ಬುಷ್, ಎರಡೂ ಚಕ್ರ ಸೇರಿದ ಭಾಗ ಅದು. ಅದರೊಳಕ್ಕೆ ಕೈ ಹಾಕಬಾರದು. ಬುಷ್ ಮತ್ತು ಸೀಲಿನ ಕಿಟ್ ಅಗ್ಗಕ್ಕೆ ಸಿಗುತ್ತದೆ, ಹಾಕುವುದು ಕಷ್ಟವೂ ಅಲ್ಲ. ಆದರೆ ಸೆಕೆಂಡಿಗೆ ಮೂರು ಸಾವಿರ ಸುತ್ತು ತಿರುಗುವ ಶಾಫ್ಟನ್ನು ಅದಕ್ಕೆಂದೇ ಇರುವ ಯಂತ್ರದಲ್ಲಿ ತಿರುಗಿಸಿ, ಕೂದಲೆಳೆಯಷ್ಟು ಲೋಹ ಉಜ್ಜಿ ಸಮತೋಲಕ್ಕೆ ತಂದಿರುತ್ತಾರೆ. ಅಂಗಳದಲ್ಲಿ ಕೂತು ಅದನ್ನು ಮತ್ತೆ ಸಾಧಿಸಲು ಬರುವುದಿಲ್ಲ. ಬ್ಯಾಲೆನ್ಸ್ ಮಾಡಿದ ವರದಿ ಕೊಡುವ ಅಂಗಡಿಯಿಂದ ಕೋರ್ ಮಾತ್ರ ತರಿಸಿಕೊಂಡರೆ ಪೂರ್ತಿ ಟರ್ಬೊದ ಖರ್ಚು ತಪ್ಪುತ್ತದೆ. ನಮ್ಮದು ಬಂದದ್ದು ಬೆಂಗಳೂರಿನ ಜೆ.ಸಿ. ರಸ್ತೆಯಿಂದ. ಹಳೆಯ ಕವಚಗಳನ್ನು ಬೇರ್ಪಡಿಸುವ ಮುಂಚೆ ಮೊಳೆಯಿಂದ ಗೀರಿ ಗುರುತು ಮಾಡಿಕೊಳ್ಳಬೇಕು. ಕೋನ ಒಂದಿಷ್ಟು ತಪ್ಪಿದರೂ ಪೈಪುಗಳು ಕೂರುವುದಿಲ್ಲ. ಆಕ್ಚುಯೇಟರಿನ ಕಡ್ಡಿ ಹಿಡಿದು ಟರ್ಬೊ ಎತ್ತಬಾರದು, ಅದರ ಅಳತೆಯ ನಟ್ಟನ್ನು ತಿರುವಬಾರದು.

ಜೋಡಿಸುವಾಗ ಗ್ಯಾಸ್ಕೆಟ್, ಕಾಪರ್ ವಾಷರ್ ಎಲ್ಲ ಹೊಸದೇ ಇರಲಿ. ಎಣ್ಣೆ ಹೋಗುವ ದಾರಿಯಲ್ಲಿ ಗ್ಯಾಸ್ಕೆಟ್ ಪೇಸ್ಟ್ ಹಚ್ಚಬೇಡಿ, ಅದರ ಚೂರು ಕಿತ್ತುಬಂದು ರಂಧ್ರ ಮುಚ್ಚುತ್ತದೆ. ಇಂಟರ್‌ಕೂಲರನ್ನು ಇಳಿಸಿ ತೊಳೆದು ಒಣಗಿಸುವುದಂತೂ ಕಡ್ಡಾಯ. ಹಳೆಯ ಟರ್ಬೊ ಉಗುಳಿದ ಎಣ್ಣೆ ಅಲ್ಲಿ ನಿಂತಿರುತ್ತದೆ. ಡೀಸೆಲ್ ಎಂಜಿನ್ ಆ ಎಣ್ಣೆಯನ್ನೇ ಇಂಧನ ಮಾಡಿಕೊಂಡು ಓಡಬಲ್ಲದು. ಆಗ ಕೀಲಿ ತಿರುಗಿಸಿದರೂ ನಿಲ್ಲುವುದಿಲ್ಲ, ವೇಗ ಏರುತ್ತಲೇ ಹೋಗುತ್ತದೆ. ಹಾಗಾದರೆ ಬಾನೆಟ್ ಕಡೆ ಓಡಬೇಡಿ. ಬ್ರೇಕ್ ಗಟ್ಟಿಯಾಗಿ ಒತ್ತಿ, ಅತಿ ಮೇಲಿನ ಗೇರ್ ಹಾಕಿ, ಕ್ಲಚ್ ಬಿಟ್ಟು ಎಂಜಿನ್ ಬಂದ್ ಬೀಳಿಸಿ.

ಸ್ಟಾರ್ಟ್ ಮಾಡುವ ಮುಂಚೆ ಟರ್ಬೊಗೆ ಎಣ್ಣೆ ಕುಡಿಸಬೇಕು. ಮೇಲಿನ ರಂಧ್ರಕ್ಕೆ ಹೊಸ ಎಣ್ಣೆ ಹನಿಸಿ ಚಕ್ರವನ್ನು ಬೆರಳಿಂದ ತಿರುಗಿಸಿದೆವು. ಚೇಂಬರಿಗೆ ಮ್ಯಾನ್ಯುಯಲ್ ಹೇಳಿದ ದರ್ಜೆಯ ಎಣ್ಣೆ, ಹೊಸ ಆಯಿಲ್ ಫಿಲ್ಟರ್. ಆಮೇಲೆ ಡೀಸೆಲ್ ಹೋಗದಂತೆ ಮಾಡಿ, ಎಣ್ಣೆ ಒತ್ತಡದ ಕೆಂಪು ದೀಪ ಆರುವವರೆಗೆ ಸ್ವಲ್ಪ ಸ್ವಲ್ಪವೇ ಸೆಲ್ಫ್ ಹೊಡೆದು, ಕೊನೆಗೆ ಸ್ಟಾರ್ಟ್. ಕೆಲವು ನಿಮಿಷ ಐಡಲಿನಲ್ಲೇ ಬಿಟ್ಟೆವು, ರೇಸ್ ಮಾಡಲಿಲ್ಲ. ಸೈಲೆನ್ಸರಿನಲ್ಲಿ ಉಳಿದ ಎಣ್ಣೆ ಸುಟ್ಟು ಮೊದಮೊದಲು ಹೊಗೆ ಬರುವುದು ಸಹಜ, ಸ್ವಲ್ಪ ಓಡಿಸಿದ ಮೇಲೆ ನಿಂತಿತು. ಇಳಿಸಿದ ಹಳೆಯ ಎಣ್ಣೆಯನ್ನು ಚರಂಡಿಗೋ ತೋಟಕ್ಕೋ ಸುರಿಯದೆ, ಅದನ್ನು ಸಂಗ್ರಹಿಸುವವರಿಗೆ ಕೊಡಿ.

ಅಷ್ಟು ಮಾಡಿದವರಿಗೆ ಮುಂದಿನ ಆರೈಕೆ ಸುಲಭ. ಸ್ಟಾರ್ಟ್ ಮಾಡಿದ ಕೂಡಲೇ ಜೋರಾಗಿ ಒತ್ತಬೇಡಿ. ಘಾಟಿ ಹತ್ತಿ ನಿಂತಾಗ ಒಂದೆರಡು ನಿಮಿಷ ಐಡಲಿನಲ್ಲಿ ಬಿಟ್ಟು ಆಫ್ ಮಾಡಿ. ದೂಳಿನ ದಾರಿಯಲ್ಲಿ ಓಡುವ ಗಾಡಿಗೆ ಎಣ್ಣೆಯನ್ನೂ ಏರ್ ಫಿಲ್ಟರನ್ನೂ ಮ್ಯಾನ್ಯುಯಲ್ ಹೇಳಿದ್ದಕ್ಕಿಂತ ಮುಂಚೆಯೇ ಬದಲಿಸಿ. 15 ವರ್ಷ ತುಂಬಿದ ಗಾಡಿ ನವೀಕರಣಕ್ಕೆ ಹೋದಾಗ ಹೊಗೆಯ ವಿಷಯದಲ್ಲೂ ಇದು ಕೈ ಹಿಡಿಯುತ್ತದೆ. ಹಳೆಯ ಡೀಸೆಲ್ ಕಾರು ಕೊಳ್ಳುವವರು ನನ್ನನ್ನು ಜತೆಗೆ ಕರೆದೊಯ್ಯುತ್ತಾರೆ. ಎಣ್ಣೆ ಬದಲಿಸಿದ ಬಿಲ್ಲುಗಳನ್ನು ನಾನು ಮೊದಲು ಕೇಳುತ್ತೇನೆ. ಬಿಲ್ಲಿಲ್ಲದೆ ‘ಟರ್ಬೊ ಹೊಸದಾಗಿ ಹಾಕ್ಸಿದೀವಿ ಸಾರ್’ ಅಂದರೆ ಆ ಗಾಡಿಗೆ ಬೆಲೆ ಏರಿಸುವುದಿಲ್ಲ, ಇನ್ನಷ್ಟು ಇಳಿಸಿ ಕೇಳುತ್ತೇನೆ.