ಅವಳಿ ಸಿಲಿಂಡರಿನ ವೇಗ, ಅಂಗೈಯಗಲದ ಹಿಡಿತ

ಮೋಟಾರು ಸೈಕಲ್ಲಿನ ಯೋಗ್ಯತೆಯನ್ನು ಅದರ ಅಶ್ವಶಕ್ತಿಯಿಂದಲೇ ಅಳೆಯುವುದು ನಮ್ಮಲ್ಲಿ ರೂಢಿ. ಆದರೆ ವೇಗವಾಗಿ ಓಡಿಸುವಾಗ ಆ ವಾಹನವು ಸವಾರನ ಇಚ್ಛೆಗೆ ಎಷ್ಟರಮಟ್ಟಿಗೆ ಅಧೀನವಾಗಿರುತ್ತದೆಂಬುದನ್ನು ನಿರ್ಣಯಿಸುವುದು ಟೈರು ನೆಲವನ್ನು ಮುಟ್ಟುವ, ಒಂದೊಂದೂ ಅಂಗೈಯಗಲವನ್ನು ಮೀರದ, ಎರಡು ಜಾಗಗಳು. ಮುನ್ನುಗ್ಗಿಸುವ ಬಲವಾಗಲಿ, ತಡೆಯುವ ಬಲವಾಗಲಿ, ತಿರುಗಿಸುವ ಬಲವಾಗಲಿ ಅಲ್ಲಿಂದಲೇ ಹುಟ್ಟಬೇಕು.

ರಾಯಲ್ ಎನ್‌ಫೀಲ್ಡ್ ಸಂಸ್ಥೆಯ ಕಾಂಟಿನೆಂಟಲ್ ಜಿಟಿ 650 ಎಂಬ ಅವಳಿ ಸಿಲಿಂಡರಿನ ವಾಹನವನ್ನೇ ಪರಿಶೀಲಿಸೋಣ. 2017ರಲ್ಲಿ ಇಟಲಿಯ ಮಿಲಾನ್ ನಗರದ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡು ಮರುವರ್ಷ ನಮ್ಮ ರಸ್ತೆಗಳಿಗಿಳಿದ ಈ ವಾಹನವು ತಯಾರಾಗುವುದು ಚೆನ್ನೈ ಸಮೀಪದಲ್ಲಾದರೂ, ಅದರ ಉಕ್ಕಿನ ಚೌಕಟ್ಟಿನ ರಚನೆಯಲ್ಲಿ, ಪಂದ್ಯದ ವಾಹನಗಳಿಗೆ ಚೌಕಟ್ಟು ಕಟ್ಟಿ ಹೆಸರಾದ ಇಂಗ್ಲೆಂಡಿನ ಹ್ಯಾರಿಸ್ ಪರ್ಫಾರ್ಮೆನ್ಸ್ ಸಂಸ್ಥೆಯ ಕೈವಾಡವಿದೆ. 648 ಸಿಸಿ ಗಾತ್ರದ ಎಂಜಿನ್ನಿನಿಂದ ಬರುವುದು ಸುಮಾರು 47 ಅಶ್ವಶಕ್ತಿ. ಇಂದಿನ ಪಂದ್ಯವಾಹನಗಳೆದುರು ಇದೇನೂ ದೊಡ್ಡದಲ್ಲ.

ಹಳೆಯ ಇಂಗ್ಲಿಷ್ ಅವಳಿ ಎಂಜಿನ್ನುಗಳಲ್ಲಿ ಎರಡು ಪಿಸ್ಟನ್ನುಗಳೂ ಜೊತೆಯಾಗಿಯೇ ಏರಿಳಿಯುತ್ತಿದ್ದುವು. ಎರಡೂ ಒಮ್ಮೆಗೇ ತುದಿಮುಟ್ಟಿ ನಿಲ್ಲುತ್ತಿದ್ದುದರಿಂದ ಕ್ರ್ಯಾಂಕಿನ ಗತಿ ಸುತ್ತುಸುತ್ತಿಗೂ ಏರುಪೇರಾಗುತ್ತಿತ್ತು. ಈ ಎಂಜಿನ್ನಿನಲ್ಲಿ ಅವುಗಳ ನಡುವೆ 270 ಡಿಗ್ರಿಗಳ ಅಂತರವಿದೆ. ಒಂದು ಪಿಸ್ಟನ್ನು ತುದಿಯಲ್ಲಿ ನಿಶ್ಚಲವಾದ ಕ್ಷಣದಲ್ಲಿ ಇನ್ನೊಂದು ತನ್ನ ಪರಮವೇಗದ ಸಮೀಪದಲ್ಲಿದ್ದು, ಒಂದರ ಏರುಪೇರನ್ನು ಇನ್ನೊಂದು ಸರಿದೂಗಿಸುತ್ತದೆ. 1990ರ ದಶಕದಲ್ಲಿ ಯಮಹಾದ ಟಿಆರ್‌ಎಕ್ಸ್ 850 ಬಳಕೆಗೆ ತಂದ ಏರ್ಪಾಡು ಇದು. ತಿರುವಿನಿಂದ ಹೊರಬರುತ್ತ ಆಕ್ಸಿಲರೇಟರು ಕೊಡುವ ಸವಾರನಿಗೆ ಹಿಂದಿನ ಚಕ್ರದ ಎಳೆತ ನಿಚ್ಚಳವಾಗಿ ತಿಳಿಯುವುದಕ್ಕೆ ಇದೂ ಒಂದು ಕಾರಣ.

ವೇಗದಲ್ಲಿರುವ ಮೋಟಾರು ಸೈಕಲ್ಲನ್ನು ಬಲಕ್ಕೆ ತಿರುಗಿಸಬೇಕಾದರೆ ಹ್ಯಾಂಡಲ್ಲಿನ ಬಲತುದಿಯನ್ನು ಮುಂದಕ್ಕೊತ್ತಿ, ಚಕ್ರವನ್ನು ಕ್ಷಣಾರ್ಧ ಎಡಕ್ಕೆ ಹೊರಳಿಸಬೇಕೆಂದರೆ ನಂಬುವವರು ವಿರಳ. ಚಕ್ರ ಎಡಕ್ಕೆ ಸರಿದೊಡನೆ ಮೇಲಣ ಭಾರವು ಬಲಕ್ಕೆ ವಾಲುತ್ತದೆ; ವಾಲಿದ ಮೇಲೆಯೇ ವಾಹನ ಬಲಕ್ಕೆ ತಿರುಗುವುದು. ವಿಮಾನದ ನಿರ್ಮಾತೃಗಳಲ್ಲೊಬ್ಬನೂ ಸೈಕಲ್ ವ್ಯಾಪಾರಿಯೂ ಆಗಿದ್ದ ವಿಲ್ಬರ್ ರೈಟನು ಈ ವಿಷಯವಾಗಿ ಹಲವಾರು ಸೈಕಲ್ ಸವಾರರನ್ನು ವಿಚಾರಿಸಿದನಂತೆ. ಎಲ್ಲರೂ ಮಾಡುತ್ತಿದ್ದುದು ಇದನ್ನೇ ಆದರೂ, ಸರಿಯಾಗಿ ವಿವರಿಸಿ ಹೇಳಿದವನು ಒಬ್ಬನೂ ಇರಲಿಲ್ಲವಂತೆ. ಜಿಟಿಯ ಚಕ್ರಗಳು 18 ಅಂಗುಲದವು. ಪಂದ್ಯವಾಹನಗಳ 17 ಅಂಗುಲದ ಚಕ್ರಗಳಷ್ಟು ಚುರುಕಾಗಿ ಅವು ವಾಲವು. ಆದರೆ ಒಮ್ಮೆ ವಾಲಿದರೆ ಅಲುಗದೆ ನಿಲ್ಲುತ್ತವೆ. ಸಾಮಾನ್ಯ ಸವಾರನಿಗೆ ಇದೇ ಮೇಲೆಂದು ನನ್ನ ಎಣಿಕೆ.

ಇನ್ನು ಬ್ರೇಕಿನ ವಿಚಾರ. ಸವಾರನೂ ಪೆಟ್ರೋಲೂ ಸೇರಿ ಸುಮಾರು 280 ಕಿಲೋಗ್ರಾಂ ತೂಗುವ ಈ ವಾಹನವು ಗಂಟೆಗೆ 100 ಕಿಲೋಮೀಟರು ವೇಗದಲ್ಲಿರುವಾಗ ಅದರಲ್ಲಿ ಅಡಗಿರುವ ಚಲನಶಕ್ತಿಯು ಒಂದು ಲೀಟರು ನೀರಿನ ಉಷ್ಣತೆಯನ್ನು ಸುಮಾರು 26 ಡಿಗ್ರಿ ಸೆಲ್ಸಿಯಸ್ ಏರಿಸುವಷ್ಟು. ಬಲವಾಗಿ ಬ್ರೇಕು ಹಿಡಿದಾಗ ಮೂರು ನಾಲ್ಕು ಸೆಕೆಂಡುಗಳಲ್ಲಿ ಇದಿಷ್ಟೂ ಶಾಖವಾಗಬೇಕು. ಅದರ ಬಹುಭಾಗವನ್ನು ನುಂಗಿಕೊಳ್ಳುವುದು 320 ಮಿಲಿಮೀಟರು ವ್ಯಾಸದ ಮುಂದಿನ ಡಿಸ್ಕು. ಹಿಂದಿನದು 240 ಮಿಲಿಮೀಟರು ಮಾತ್ರ. ಈ ಅಸಮತೆ ಜಿಪುಣತನದಿಂದ ಬಂದುದಲ್ಲ. ಗುರುತ್ವಾಕರ್ಷಣೆಯ 0.8ರಷ್ಟು ತೀವ್ರತೆಯಿಂದ ವೇಗವನ್ನು ತಗ್ಗಿಸಿದರೆ, ಚಕ್ರಗಳ ನಡುವಣ ಅಂತರ ಸುಮಾರು 1.4 ಮೀಟರೂ ಭಾರಕೇಂದ್ರದ ಎತ್ತರ ಸುಮಾರು 0.6 ಮೀಟರೂ ಆಗಿರುವಲ್ಲಿ, ನಿಂತಾಗ ಎರಡು ಚಕ್ರಗಳಿಗೂ ಸಮನಾಗಿ ಹಂಚಿದ್ದ ಭಾರದಲ್ಲಿ ನೂರಕ್ಕೆ 84ರಷ್ಟು ಮುಂದಿನ ಚಕ್ರದ ಮೇಲೆಯೇ ಬೀಳುತ್ತದೆ. ಹಗುರಾದ ಹಿಂದಿನ ಚಕ್ರದ ಬ್ರೇಕನ್ನು ಎಷ್ಟು ತುಳಿದರೂ ಚಕ್ರವು ಲಾಕಾಗಿ ಜಾರಲೆಳಸೀತೇ ಹೊರತು ವಾಹನವನ್ನು ನಿಲ್ಲಿಸದು. ಇಷ್ಟೆಲ್ಲ ಸರಿಯಾಗಿ ನಡೆದರೂ 100ರ ವೇಗದಿಂದ ನಿಲ್ಲುವುದಕ್ಕೆ 49 ಮೀಟರು ಬೇಕು; 50ರ ವೇಗದಿಂದಾದರೆ 12 ಮೀಟರು ಸಾಕು.

ತಿರುವಿನಲ್ಲಿ ಲೆಕ್ಕ ಜಟಿಲವಾಗುತ್ತದೆ. 40 ಮೀಟರು ತ್ರಿಜ್ಯದ ತಿರುವನ್ನು 60ರ ವೇಗದಲ್ಲಿ ದಾಟುವ ವಾಹನವು ಸುಮಾರು 35 ಡಿಗ್ರಿ ವಾಲಿರಬೇಕು. ಅದಕ್ಕೆ ಬೇಕಾದ ಪಾರ್ಶ್ವಬಲವು ಭಾರದ 0.7ರಷ್ಟು. ಟೈರು ಕೊಡಬಲ್ಲ ಒಟ್ಟು ಹಿಡಿತ 0.8 ಎಂದಿಟ್ಟುಕೊಂಡರೆ, ಒಂದೇ ಸಂಬಳದಲ್ಲಿ ಮನೆಬಾಡಿಗೆಯನ್ನೂ ದಿನಸಿಯನ್ನೂ ತೂಗಿಸುವ ಗೃಹಸ್ಥನಂತೆ, ಟೈರು ತಿರುವಿಗೆ ಕೊಟ್ಟು ಮಿಕ್ಕಿದ್ದನ್ನು ಮಾತ್ರ ಬ್ರೇಕಿಗೆ ಕೊಡಬಲ್ಲುದು. ಈ ಕಳೆಯುವ ಲೆಕ್ಕ ಪೈಥಾಗೊರಸನ ಸೂತ್ರದ್ದಾದ್ದರಿಂದ ಉಳಿಯುವುದು 0.1 ಅಲ್ಲ, 0.37ರ ಹತ್ತಿರ, ಆದರೂ ನೇರರಸ್ತೆಯಲ್ಲಿ ದೊರೆಯುವುದರ ಅರ್ಧಕ್ಕೂ ಕಡಮೆ. ಆಗುಂಬೆ ಘಾಟಿಯ ಹಿಮ್ಮುರಿ ತಿರುವುಗಳು ಇದಕ್ಕಿಂತ ಎಷ್ಟೋ ಇಕ್ಕಟ್ಟಾದುವು. ಮಳೆಗಾಲದಲ್ಲಿ ಹಿಡಿತವೇ 0.5ಕ್ಕೆ ಇಳಿದರೆ, ಅಲ್ಲಿರಲಿ, ಈ 40 ಮೀಟರಿನ ತಿರುವನ್ನೇ ಆ ವೇಗದಲ್ಲಿ ದಾಟುವುದು ಅಸಾಧ್ಯ. ಇನ್ನೂ ಒಂದು ವಿಚಿತ್ರವುಂಟು: ವಾಲಿರುವಾಗ ಟೈರು ನೆಲವನ್ನು ಮುಟ್ಟುವುದು ನಡುವಿನಿಂದಲ್ಲ, ಅಂಚಿನಿಂದ. ಆಗ ಮುಂದಿನ ಬ್ರೇಕನ್ನು ಥಟ್ಟನೆ ಹಿಡಿದರೆ ಹ್ಯಾಂಡಲ್ಲು ತಿರುವಿನೊಳಕ್ಕೆ ಹೊರಳಲೆಳಸಿ, ವಾಹನವು ನೆಟ್ಟಗೆದ್ದು ತಿರುವಿನ ಹೊರ ಅಂಚಿನತ್ತ ಸಾಗುತ್ತದೆ. ಗಾಬರಿಗೊಂಡ ಸವಾರ ಎದುರುವಾಹನದ ಪಥಕ್ಕೆ ಹೋಗಿ ಬೀಳುವುದು ಹೀಗೆಯೇ.

ವೇಗದಲ್ಲಿ ಒಮ್ಮೆಲೇ ಗೇರು ಇಳಿಸಿದಾಗ ಎಂಜಿನ್ನಿನ ತಡೆಯಿಂದ ಹಿಂದಿನ ಚಕ್ರ ಕುಪ್ಪಳಿಸದಂತೆ ಈ ವಾಹನದಲ್ಲಿ ಸ್ಲಿಪ್ಪರ್ ಕ್ಲಚ್ಚಿದೆ. ಚಕ್ರ ಲಾಕಾಗದಂತೆ ನೋಡಿಕೊಳ್ಳುವ ಎಬಿಎಸ್ ಇದೆ. 125 ಸಿಸಿ ಮೀರಿದ ದ್ವಿಚಕ್ರವಾಹನಗಳಿಗೆಲ್ಲ 2019ರ ಏಪ್ರಿಲಿನಿಂದ ಅದು ಕಡ್ಡಾಯವೂ ಹೌದು. ಅದು ಇರುವ ಹಿಡಿತವನ್ನು ವ್ಯರ್ಥವಾಗಗೊಡದು. ಇಲ್ಲದ ಹಿಡಿತವನ್ನು ಸೃಷ್ಟಿಸಲಾರದು.

ಮುಂದಿನ ಬ್ರೇಕು ಹಿಡಿದರೆ ಮುಗ್ಗರಿಸುತ್ತೇವೆಂಬ ಭಯ ನಮ್ಮ ಸವಾರರಲ್ಲಿ ಇನ್ನೂ ಉಳಿದಿದೆ. ವಾಹನದ ಭಾರವು ಮುಂದಕ್ಕೆ ಬರಲು ತುಸು ಅವಕಾಶವಿತ್ತು, ಬೆರಳುಗಳ ಒತ್ತಡವನ್ನು ಕ್ರಮಕ್ರಮವಾಗಿ ಹೆಚ್ಚಿಸಿದರೆ ಆ ಭಯಕ್ಕೆ ಆಸ್ಪದವಿಲ್ಲ. ಇಂಥ ವಾಹನವನ್ನು ಕೊಂಡವರು ಮೊದಲು ಜನಸಂಚಾರವಿಲ್ಲದ, ಮರಳಿಲ್ಲದ ನೇರರಸ್ತೆಯೊಂದರಲ್ಲಿ, ಗಂಟೆಗೆ 30 ಕಿಲೋಮೀಟರಿನಿಂದ ತೊಡಗಿ, ಮುಂದಿನ ಬ್ರೇಕನ್ನು ಪ್ರಧಾನವಾಗಿಟ್ಟು ನಿಲ್ಲಿಸುವ ಅಭ್ಯಾಸವನ್ನು ಮಾಡಿಕೊಂಡು, ಆಮೇಲೆ ಘಾಟಿ ಹತ್ತಲಿ.