ಅಕ್ಕಿಯ ಅಳತೆಯೂ ತೂಕವೂ

ನಮ್ಮ ಶಾಲೆಯನ್ನು ಬಿಟ್ಟು ಸಂಸಾರದ ಭಾರವನ್ನು ಹೊತ್ತಿರುವ ಹಳೆಯ ವಿದ್ಯಾರ್ಥಿನಿಯರು ಬರೆಯುವ ಕಾಗದಗಳಲ್ಲಿ ಒಂದು ಪ್ರಶ್ನೆಯು ಮೇಲಿಂದ ಮೇಲೆ ಬರುತ್ತಿರುವದು. “ಅಮ್ಮನವರೇ, ಅತ್ತೆಯವರು ಪಾವಿನ ಲೆಕ್ಕ ಹೇಳುತ್ತಾರೆ, ಅಂಗಡಿಯವನು ಕಿಲೋಗ್ರಾಮಿನ ಲೆಕ್ಕದಲ್ಲಿ ಕೊಡುತ್ತಾನೆ, ಎರಡನ್ನೂ ಹೊಂದಿಸುವದು ಹೇಗೆ?” ಎಂಬದೇ ಆ ಪ್ರಶ್ನೆ.

ಈ ತೊಡಕಿಗೆ ಮೂಲವು ಹಳೆಯ ಸೇರೇ. ಸೇರು ಎಂಬ ಒಂದೇ ಹೆಸರು ತೂಕಕ್ಕೂ ಇತ್ತು, ಅಳೆಯುವ ಪಾತ್ರೆಗೂ ಇತ್ತು. ತೂಕದ ಸೇರುಗಳಲ್ಲಿ 80 ತೊಲೆಯದು ಈಗಿನ 933 ಗ್ರಾಮಿಗೆ ಸಮ; 24 ತೊಲೆಯ ಕಚ್ಚಾ ಸೇರಾದರೋ 280 ಗ್ರಾಮು ಮಾತ್ರ. ಅಳತೆಯ ಸೇರೂ ಪಾವೂ ಊರಿಂದೂರಿಗೆ ಬೇರೆ. 1956ರ ಕಾಯಿದೆಯಿಂದ ಮೆಟ್ರಿಕ್ ಪದ್ಧತಿಯು ಬಂದು, 1958ರಿಂದ ಹಂತಹಂತವಾಗಿ ಅಂಗಡಿಗಳ ತೂಕವು ಬದಲಾಯಿತು. ಅಡಿಗೆಮನೆಯ ಪಾವು ಮಾತ್ರ ಇದ್ದಲ್ಲಿಯೇ ಉಳಿಯಿತು.

ಒಂದು ಲೀಟರು ನೀರು ಒಂದು ಕಿಲೋ ತೂಗುವದನ್ನು ಎಲ್ಲರೂ ತರಗತಿಯಲ್ಲಿ ಕಲಿತಿದ್ದೀರಿ. ಅಕ್ಕಿಯು ಹಾಗಲ್ಲ. ಕಾಳುಗಳ ನಡುವೆ ಗಾಳಿಯು ಸೇರಿರುವದರಿಂದ ಒಂದು ಲೀಟರು ಬೆಳ್ತಿಗೆ ಅಕ್ಕಿಯು ಸುಮಾರು 780ರಿಂದ 850 ಗ್ರಾಮು ಮಾತ್ರ ತೂಗುವದು. ಉದ್ದ ಕಾಳಿನ ಅಕ್ಕಿ ಕಡಿಮೆ ತೂಗುವದು, ಗುಂಡು ಕಾಳಿನದು ಹೆಚ್ಚು. ಮಿಲಿಲೀಟರಿನ ಐದರಲ್ಲಿ ನಾಲ್ಕು ಪಾಲು ಗ್ರಾಮೆಂದು ಹಿಡಿದರೆ ಮನೆಯ ಅಡಿಗೆಗೆ ಸಾಕು. ವಿದ್ಯುತ್ ಕುಕ್ಕರಿನೊಡನೆ ಬರುವ 180 ಮಿಲಿಲೀಟರಿನ ಲೋಟದಲ್ಲಿ ಸುಮಾರು 150 ಗ್ರಾಮು ಹಿಡಿಯುವದು.

ಇದನ್ನು ಮರೆತುದರ ಫಲವನ್ನು ನಾವೇ ಉಂಡಿದ್ದೇವೆ. ಒಂದು ವರ್ಷ ಹಳೆಯ ವಿದ್ಯಾರ್ಥಿನಿಯರ ಕೂಟಕ್ಕೆ 10 ಕಿಲೋ ಅಕ್ಕಿಯ ಪಲಾವು ಆಗಬೇಕಾಗಿತ್ತು. ಅಡಿಗೆಯವಳು ಹೊಸಬಳೆಂದು “ಅಕ್ಕಿಗೆ ಎರಡರಷ್ಟು ನೀರು” ಎಂದು ಚೀಟಿ ಬರೆದುಕೊಟ್ಟೆವು. ನಮ್ಮ ಮನಸ್ಸಿನಲ್ಲಿದ್ದುದು ಪಾತ್ರೆಯ ಅಳತೆ. ಆಕೆಯ ಕೈಗೆ ಬಂದುದು ತೂಗಿದ ಮೂಟೆ. ಆಕೆಯು 20 ಲೀಟರು ನೀರನ್ನು ಹೊಯ್ದಳು. 10 ಕಿಲೋ ಅಕ್ಕಿಯು ಪಾತ್ರೆಯಲ್ಲಿ ಸುಮಾರು ಹನ್ನೆರಡೂವರೆ ಲೀಟರಾಗುವದಷ್ಟೆ. ಬೇಕಾದುದು 25 ಲೀಟರು. ತಳವು ಸೀದು ಮೇಲಿನ ಕಾಳು ನಡುವೆ ಗಟ್ಟಿಯಾಗಿ ಉಳಿಯಿತು. ದೂರದ ಊರುಗಳಿಂದ ಕೂಸುಗಳನ್ನೆತ್ತಿಕೊಂಡು ಬಂದವರು ಒಂದು ಗಂಟೆಗೂ ಹೆಚ್ಚು ಕಾದರು. ಅಡಿಗೆಯವಳು ಅತ್ತಳು, ತಪ್ಪಾದರೋ ಚೀಟಿ ಬರೆದವರದು. ಆ ದಿನ ಬಡಿಸಲು ನಿಂತವರಲ್ಲಿ ಕೆಲವರು ಇದನ್ನು ಓದಿ ನಗುವದು ಖಂಡಿತ.

ನಿಮ್ಮ ಮನೆಯ ಪಾವಿನ ಬೆಲೆಯನ್ನು ನೀವೇ ಕಂಡುಕೊಳ್ಳಿರಿ. ತೂಗಿದ ಒಂದು ಕಿಲೋ ಅಕ್ಕಿಯನ್ನು ಅದರಿಂದ ಅಳೆಯಿರಿ. ಕುಲುಕಬೇಡಿರಿ, ಒತ್ತಬೇಡಿರಿ, ತುಂಬಿದ ಮೇಲೆ ಅಂಚಿಗೆ ಸಮನಾಗಿ ಒರಸಿರಿ. ಗೋಪುರವಾಗಿ ತುಂಬಿದ ಪಾವು ಉದಾರವಾಗಿ ಕಾಣುವದು, ಆದರೆ ಎರಡು ಸಲ ಒಂದೇ ಸಮನಾಗಿ ಬಾರದು. ಐದು ಸಲ ತುಂಬಿದರೆ ಪಾತ್ರೆಯೊಂದಕ್ಕೆ 200 ಗ್ರಾಮು. ಪುಸ್ತಕದಲ್ಲಿ 350 ಗ್ರಾಮು ಎಂದಿದ್ದರೆ ಒಂದು ಮುಕ್ಕಾಲು ಪಾತ್ರೆಯಾಯಿತು. ಕುಚ್ಚಲಕ್ಕಿ ಉಣ್ಣುವವರು ಅದರಿಂದಲೇ ಪರೀಕ್ಷಿಸತಕ್ಕದ್ದು.

ಅಕ್ಕಿಯನ್ನು ತೊಳೆಯುವ ಮೊದಲೇ ಅಳೆಯಬೇಕು, ಮೊದಲೇ ತೂಗಬೇಕು. ನೆನೆದ ಅಕ್ಕಿಯು ತನ್ನ ತೂಕದ ಹೆಚ್ಚುಕಡಿಮೆ ಕಾಲು ಪಾಲು ನೀರನ್ನು ಕುಡಿದಿರುವದು. ಅಕ್ಕಿಯ ಹಿಟ್ಟಿಗೆ ಈ ಲೆಕ್ಕವು ಸಲ್ಲದು. ಜರಡಿ ಹಿಡಿದ ಹಿಟ್ಟು ಹಗುರ, ಡಬ್ಬಿಯಲ್ಲಿ ಅಮುಕಿದ್ದು ಭಾರ. ಅದನ್ನು ತೂಗುವದೇ ಲೇಸು. ನೀರನ್ನಾದರೋ ಅಕ್ಕಿಯನ್ನು ಅಳೆದ ಪಾತ್ರೆಯಿಂದಲೇ ಅಳೆಯಿರಿ. ಹಳೆಯ ಅಕ್ಕಿ ಸ್ವಲ್ಪ ಹೆಚ್ಚು ಬೇಡುವದು, ಹೊಸದು ಕಡಿಮೆ.

ನಮ್ಮ ಉಗ್ರಾಣದ ಹಿತ್ತಾಳೆಯ ಪಾವಿಗೆ ಈಗ ಗ್ರಾಮಿನ ಲೆಕ್ಕವನ್ನು ಬರೆದ ಚೀಟಿಯೊಂದನ್ನು ಕಟ್ಟಿದ್ದೇವೆ. ಅಕ್ಕಿಯ ಜಾತಿಯು ಬದಲಾದಾಗ ಹಿರಿಯ ತರಗತಿಯ ಹುಡುಗಿಯರು ಪುನಃ ತೂಗಿ ಚೀಟಿಯನ್ನು ಬದಲಾಯಿಸುವರು.